ಯೇಸುವಿನ ಬಗ್ಗೆ ಪಕ್ಕದ ಮನೆಯವರಿಗೆ ಹೇಳಿದರೆ ಕೇಸ್ ಆಗುತ್ತದೆಯೇ?

ಧರ್ಮದ ಬಗ್ಗೆ ಹೇಳುವುದು ಅಪರಾಧವಲ್ಲ ಎಂದು ಕೋರ್ಟ್ ಹೇಳಿದ ಸುದ್ದಿ ಒಂದು ದಿನ ಬರುತ್ತದೆ. ಕೆಲವೇ ದಿನಗಳಲ್ಲಿ ಮತಾಂತರದ ಆರೋಪದ ಮೇಲೆ ಯಾವುದೋ ಊರಿನ ಪಾಸ್ಟರ್ ಒಬ್ಬರನ್ನು ಠಾಣೆಗೆ ಕರೆದೊಯ್ದರು ಎಂಬಂಥ ಸುದ್ದಿಯೂ ಬರುತ್ತದೆ. ಓದುವವರಿಗೆ ಗೊಂದಲ ಆಗುವುದು ಸಹಜ. ಹಾಗಾದರೆ ಹೇಳಬಹುದೋ, ಹೇಳಬಾರದೋ? ಕಾಯಿಲೆ ಬಿದ್ದ ಸಹೋದ್ಯೋಗಿಗೆ ‘ನಿಮಗಾಗಿ ಪ್ರಾರ್ಥನೆ ಮಾಡಲಾ’ ಎಂದು ಕೇಳಿದರೆ ಅದು ಕಾಳಜಿಯೋ, ಆಮಿಷವೋ? ಕ್ರಿಸ್‌ಮಸ್ ದಿನ ಪಕ್ಕದ ಮನೆಗೆ ಕೇಕ್ ಜೊತೆ ಒಂದು ಪುಟ್ಟ ಬೈಬಲ್ ಕೊಟ್ಟರೆ?

ಕ್ರೈಸ್ತ ನಂಬಿಕೆಯನ್ನು ಹಂಚಿಕೊಳ್ಳುವ ಕೆಲಸ ಜಾಸ್ತಿ ನಡೆಯುವುದು ದೊಡ್ಡ ಸಮಾವೇಶಗಳಲ್ಲಲ್ಲ, ಇಂಥ ಸಣ್ಣ ಸಂದರ್ಭಗಳಲ್ಲಿ. ಕಾನೂನಿನ ಉತ್ತರ ಅತಿ ಮಸುಕಾಗಿರುವುದೂ ಇಲ್ಲೇ.

ಜಮಖಂಡಿ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದೇನು

2025ರ ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಒಂದು ದೂರು ದಾಖಲಾಯಿತು. ರಾಮತೀರ್ಥ ದೇವಸ್ಥಾನದ ಬಳಿ ಮೂವರು ಮುಸ್ಲಿಮರು ತಮ್ಮ ಧರ್ಮದ ಕರಪತ್ರ ಹಂಚಿದರು, ಜನರಿಗೆ ಬಾಯಿಮಾತಿನಲ್ಲೂ ವಿವರಿಸಿದರು ಎಂಬುದು ಆರೋಪ. ವಾಹನ ಕೊಡುತ್ತೇವೆ, ದುಬೈನಲ್ಲಿ ಕೆಲಸ ಕೊಡಿಸುತ್ತೇವೆ ಎಂದು ಆಸೆ ತೋರಿಸಿದರು ಎಂಬ ಮಾತೂ ದೂರಿನಲ್ಲಿತ್ತು. ಕರ್ನಾಟಕದ ಮತಾಂತರ ನಿಷೇಧ ಕಾಯ್ದೆಯಡಿ ಕೇಸ್ ಹಾಕಲಾಯಿತು.

ಜುಲೈನಲ್ಲಿ ಹೈಕೋರ್ಟ್ ಆ ಎಫ್‌ಐಆರ್ ರದ್ದು ಮಾಡಿತು. ಕಾರಣ ಎರಡು. ಯಾರನ್ನಾದರೂ ಮತಾಂತರ ಮಾಡಿದರು, ಅಥವಾ ಮಾಡಲು ಯತ್ನಿಸಿದರು ಎಂಬುದಕ್ಕೆ ಬೇಕಾದ ಅಂಶಗಳೇ ದೂರಿನಲ್ಲಿ ಇರಲಿಲ್ಲ. ಇನ್ನೊಂದು, ದೂರು ಕೊಟ್ಟವರಿಗೆ ಆ ಕಾಯ್ದೆಯಡಿ ದೂರು ಕೊಡುವ ಅಧಿಕಾರವೇ ಇರಲಿಲ್ಲ. ಮತಾಂತರವಾದ ವ್ಯಕ್ತಿ, ಅವರ ತಂದೆತಾಯಿ, ಒಡಹುಟ್ಟಿದವರು, ಅವರೊಂದಿಗೆ ಏನಾದರೂ ಸಂಬಂಧ ಇರುವವರು ಮಾತ್ರ ದೂರು ಕೊಡಬಹುದು. ದಾರಿಯಲ್ಲಿ ಹೋಗುತ್ತಿದ್ದ ಮೂರನೆಯವರಿಗೆ ಆ ಅಧಿಕಾರವಿಲ್ಲ.

ಪ್ರಕರಣ ಮುಸ್ಲಿಮರದ್ದಾದರೂ ತತ್ವ ಎಲ್ಲರಿಗೂ ಒಂದೇ. ಸತ್ಯವೇದದ, ಅಂದರೆ ಬೈಬಲ್‌ನ, ಪ್ರತಿ ಹಂಚುವ ಕ್ರೈಸ್ತರಿಗೂ ಅದು ಅನ್ವಯಿಸುತ್ತದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಮಾತಾಡಿತು. ಉತ್ತರ ಪ್ರದೇಶದ ಫತೇಪುರದ ಚರ್ಚ್ ಒಂದರಲ್ಲಿ 2022ರಲ್ಲಿ ಸಾಮೂಹಿಕ ಮತಾಂತರ ನಡೆಯಿತು ಎಂಬ ಆರೋಪದ ಮೇಲೆ ಹಾಕಿದ್ದ ಹಲವು ಎಫ್‌ಐಆರ್‌ಗಳನ್ನು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಮನೋಜ್ ಮಿಶ್ರಾ ರದ್ದು ಮಾಡಿದರು. ಅಮಾಯಕರಿಗೆ ಕಿರುಕುಳ ಕೊಡಲು ಕ್ರಿಮಿನಲ್ ಕಾನೂನನ್ನು ಬಳಸುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಅಲ್ಲೂ ಮೊದಲ ದೂರು ಬಂದಿದ್ದು ಹೊರಗಿನವರಿಂದ.

ಎರಡೂ ತೀರ್ಪುಗಳನ್ನು ಓದುವಾಗ ಒಂದು ಎಚ್ಚರ ಬೇಕು. ಎರಡರಲ್ಲೂ ಕಾಯ್ದೆ ರದ್ದಾಗಲಿಲ್ಲ. ಕಾಯ್ದೆ ಹಾಕಿಕೊಂಡ ಮಿತಿಗಳನ್ನೇ ಪೊಲೀಸರು ಪಾಲಿಸಲಿಲ್ಲ ಎಂದಷ್ಟೇ ಅಲ್ಲಿ ತೀರ್ಮಾನವಾಗಿದ್ದು. ಹಾಗಾಗಿ ತೀರ್ಪು ಬಂದ ಮೇಲೂ ಹೊಸ ಕೇಸುಗಳು ಬರುತ್ತವೆ. ಸುದ್ದಿಗಳು ಒಂದಕ್ಕೊಂದು ವಿರುದ್ಧ ಅನ್ನಿಸಲು ಇದೇ ಕಾರಣ.

1948ರ ಚರ್ಚೆ, 1977ರ ಗೆರೆ

ಸಂವಿಧಾನದ 25ನೇ ವಿಧಿ ಮೂರು ಹಕ್ಕು ಕೊಡುತ್ತದೆ: ಧರ್ಮವನ್ನು ನಂಬುವುದು, ಆಚರಿಸುವುದು, ಪ್ರಚಾರ ಮಾಡುವುದು. ಮೂರನೆಯದು ಸುಲಭವಾಗಿ ಒಳಗೆ ಬರಲಿಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಮೇಲೆ ಬಿಸಿ ಚರ್ಚೆ ನಡೆಯಿತು. ಒಡಿಶಾದ ಲೋಕನಾಥ ಮಿಶ್ರಾ ಪ್ರಚಾರದ ಹಕ್ಕು ಬೇಡವೇ ಬೇಡ ಎಂದರು. ಧರ್ಮ ಮನೆಯೊಳಗಿನ ವಿಷಯ, ಅದನ್ನು ಬೀದಿಗೆ ತರಬಾರದು ಎಂಬ ವಾದ ತಜಮ್ಮುಲ್ ಹುಸೇನ್ ಅವರದ್ದು. ಕೆ.ಎಂ. ಮುನ್ಶಿ ಎದ್ದುನಿಂತು ಉತ್ತರಿಸಿದರು. ಮಾತಿನ ಸ್ವಾತಂತ್ರ್ಯ ಇರುವ ದೇಶದಲ್ಲಿ ತನ್ನ ನಂಬಿಕೆಯ ಕಡೆಗೆ ಇನ್ನೊಬ್ಬರ ಮನ ಒಲಿಸುವ ಸ್ವಾತಂತ್ರ್ಯ ಹೇಗೂ ಇದ್ದೇ ಇರುತ್ತದೆ ಎಂಬುದು ಅವರ ತರ್ಕ. ಕ್ರೈಸ್ತ ಸಂಸ್ಥೆಗಳಲ್ಲಿ 14 ವರ್ಷ ಓದಿದೆ, ನನ್ನನ್ನು ಮತಾಂತರ ಮಾಡಲು ಯಾರೂ ಯತ್ನಿಸಲಿಲ್ಲ ಎಂದು ಟಿ.ಟಿ. ಕೃಷ್ಣಮಾಚಾರಿ ನೆನೆದರು. ಪ್ರಚಾರದ ಹಕ್ಕು ಉಳಿಯಿತು.

ಆದರೆ ಪ್ರಚಾರದ ಕೊನೆ ಎಲ್ಲಿ ಎಂದು ಸಭೆ ಹೇಳಲಿಲ್ಲ. ಅದನ್ನು ರಾಜ್ಯಗಳು ತುಂಬಲು ಹೊರಟವು. 1967ರಲ್ಲಿ ಒಡಿಶಾ, 1968ರಲ್ಲಿ ಮಧ್ಯಪ್ರದೇಶ ಕಾಯ್ದೆ ತಂದವು. ಬಲಾತ್ಕಾರ, ಆಮಿಷ, ಮೋಸದಿಂದ ಮತಾಂತರ ಮಾಡುವುದು ಅಪರಾಧವಾಯಿತು. ಒಡಿಶಾ ಹೈಕೋರ್ಟ್ ತನ್ನ ರಾಜ್ಯದ ಕಾಯ್ದೆಯನ್ನು ತಳ್ಳಿಹಾಕಿತು, ಮಧ್ಯಪ್ರದೇಶ ಹೈಕೋರ್ಟ್ ಎತ್ತಿಹಿಡಿಯಿತು. ಎರಡೂ ಸುಪ್ರೀಂ ಕೋರ್ಟಿಗೆ ಹೋದವು. 1977ರ ಜನವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಎರಡೂ ಕಾಯ್ದೆಗಳು ಸರಿ ಎಂದಿತು. ಸ್ಟೇನಿಸ್ಲಾಸ್ ಪ್ರಕರಣ ಎಂದು ಇದಕ್ಕೆ ಹೆಸರು.

ಆ ತೀರ್ಪಿನ ಗೆರೆ ಇವತ್ತಿಗೂ ನಡೆಯುತ್ತಿದೆ. ನಿಮ್ಮ ಧರ್ಮದ ತತ್ವಗಳನ್ನು ವಿವರಿಸಿ ಹರಡುವುದು ನಿಮ್ಮ ಹಕ್ಕು. ಇನ್ನೊಬ್ಬರನ್ನು ನಿಮ್ಮ ಧರ್ಮಕ್ಕೆ ಪರಿವರ್ತಿಸುವುದು ನಿಮ್ಮ ಹಕ್ಕಲ್ಲ, ಏಕೆಂದರೆ ಅವರಿಗೂ ನಿಮ್ಮಷ್ಟೇ ಮನಸ್ಸಾಕ್ಷಿಯ ಸ್ವಾತಂತ್ರ್ಯವಿದೆ.

ಕೇಳಲು ಸರಿಯಾಗಿಯೇ ಇದೆ. ಆದರೆ ಒಂದು ಪ್ರಶ್ನೆ ಬಾಕಿ ಉಳಿಯಿತು. ಕೇಳಿಸಿಕೊಂಡವರು ತಾವಾಗಿಯೇ ಮನಸ್ಸು ಬದಲಿಸಿದರೆ? ಹೇಳಿದವರು ಹಕ್ಕು ಬಳಸಿದರು, ಕೇಳಿದವರು ತಮ್ಮ ಸ್ವಾತಂತ್ರ್ಯ ಬಳಸಿದರು. ಅಲ್ಲಿ ಅಪರಾಧ ಎಲ್ಲಿದೆ? ಉತ್ತರವೆಲ್ಲ ‘ಆಮಿಷ’ ಎಂದರೆ ಏನು ಎಂಬುದರ ಮೇಲೆ ನಿಂತಿದೆ.

ಆಮಿಷದ ಪಟ್ಟಿ ಎಷ್ಟು ಉದ್ದ

ಕರ್ನಾಟಕದ ಕಾಯ್ದೆ 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆಯಿತು. ಪರಿಷತ್ತಿನಲ್ಲಿ ಬಹುಮತ ಇಲ್ಲದ್ದರಿಂದ 2022ರ ಮೇ 17ರಂದು ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಪೂರ್ಣ ಕಾಯ್ದೆಯಾಯಿತು.

ಇದರಲ್ಲಿ ಆಮಿಷದ ಅರ್ಥ ಹಣ, ಉಡುಗೊರೆ, ಉದ್ಯೋಗಕ್ಕೆ ನಿಲ್ಲುವುದಿಲ್ಲ. ಧಾರ್ಮಿಕ ಸಂಸ್ಥೆಯ ಶಾಲೆ ಕಾಲೇಜಿನಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನಶೈಲಿ, ದೈವದ ಕೋಪ ಎಲ್ಲವೂ ಸೇರುತ್ತವೆ. ಒಂದು ಧರ್ಮದ ಆಚರಣೆಗಳನ್ನು ಇನ್ನೊಂದರ ಎದುರು ಕೀಳಾಗಿ ತೋರಿಸುವುದು, ಒಂದು ಧರ್ಮವನ್ನು ಇನ್ನೊಂದರ ವಿರುದ್ಧ ವೈಭವೀಕರಿಸುವುದೂ ಆಮಿಷವೇ.

ಈಗ ಇದನ್ನು ದಿನದ ಬದುಕಿಗೆ ಹಚ್ಚಿ ನೋಡಿ. ಕುಡಿತ ಬಿಟ್ಟ ಒಬ್ಬರು ಗೆಳೆಯನಿಗೆ ಹೇಳುತ್ತಾರೆ: ‘ಯೇಸು ಸ್ವಾಮಿಯನ್ನು ನಂಬಿದ ಮೇಲೆ ನನ್ನ ಬದುಕು ಸುಧಾರಿಸಿತು.’ ಚರ್ಚುಗಳಲ್ಲಿ ಇದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಾರೆ. ತನ್ನ ಅನುಭವ ಹೇಳಿಕೊಳ್ಳುವುದು ಯಾವ ಲೆಕ್ಕದಲ್ಲೂ ತಪ್ಪಲ್ಲ, ಅಲ್ವಾ? ಆದರೆ ‘ಉತ್ತಮ ಜೀವನಶೈಲಿ’ಯ ಆಸೆ ತೋರಿಸಿದರು ಎಂದು ಇದನ್ನೇ ಯಾರಾದರೂ ಬರೆದುಕೊಟ್ಟರೆ ಠಾಣೆಯಲ್ಲಿ ಅದು ದೂರಾಗಬಹುದು. ಪಾಪ, ತೀರ್ಪು, ನರಕದ ಬಗ್ಗೆ ಬೈಬಲ್‌ನಲ್ಲಿ ಇರುವ ಮಾತು ಹೇಳಿದರೆ ‘ದೈವದ ಕೋಪ’ ಆಗಬಹುದು. ಯೇಸುವೇ ದಾರಿ ಎಂದರೆ ‘ವೈಭವೀಕರಣ’ ಆಗಬಹುದು. ಯಾವುದೇ ಧರ್ಮದವರು ತಮ್ಮ ದೇವರನ್ನು ಹೊಗಳದೆ ಧರ್ಮದ ಬಗ್ಗೆ ಮಾತಾಡುವುದು ಹೇಗೆ?

ಇಷ್ಟರಿಂದಲೇ ಶಿಕ್ಷೆ ಆಗಿಬಿಡುತ್ತದೆ ಎಂದಲ್ಲ. ಆಮಿಷದಿಂದ ಮತಾಂತರ ನಡೆದಿರಬೇಕು, ಅಥವಾ ಅದಕ್ಕೆ ಯತ್ನ ನಡೆದಿರಬೇಕು. ತೊಂದರೆ ಇರುವುದು ಕೋರ್ಟ್ ತಲುಪುವ ಮೊದಲಿನ ಹಾದಿಯಲ್ಲಿ. ಅಪರಾಧ ಜಾಮೀನುರಹಿತ, ವಾರಂಟ್ ಇಲ್ಲದೆ ಬಂಧಿಸಬಹುದು. ಶಿಕ್ಷೆ 3ರಿಂದ 5 ವರ್ಷ. ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ, ಪಂಗಡದವರ ವಿಷಯವಾದರೆ 10 ವರ್ಷದವರೆಗೆ. 1967ರ ಒಡಿಶಾ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆ 1 ವರ್ಷ, ಮಹಿಳೆ, ಪರಿಶಿಷ್ಟರ ವಿಷಯದಲ್ಲಿ 2 ವರ್ಷ ಇತ್ತು. ಜೊತೆಗೆ ಕರ್ನಾಟಕದ ಕಾಯ್ದೆಯಲ್ಲಿ, ಮತಾಂತರ ಆಮಿಷದಿಂದ ಆಗಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆಯೇ ಇದೆ.

ದೂರು ಕೊಡಬಲ್ಲವರ ಪಟ್ಟಿಯಲ್ಲಿ ಇನ್ನೊಂದು ವಿವರವಿದೆ. ರಕ್ತಸಂಬಂಧಿಗಳ ಜೊತೆಗೆ ‘ಯಾವುದೇ ರೀತಿಯಲ್ಲಿ ಸಂಬಂಧ ಹೊಂದಿದವರು ಅಥವಾ ಸಹೋದ್ಯೋಗಿ’ ಎಂಬ ಅರ್ಥದ ಮಾತೂ ಅದರಲ್ಲಿ ಸೇರಿದೆ. ಅಂದರೆ ಆಫೀಸಿನಲ್ಲಿ ನಡೆದ ಇಬ್ಬರ ಮಾತುಕತೆಯ ಬಗ್ಗೆ ಮೂರನೆಯ ಸಹೋದ್ಯೋಗಿ ಠಾಣೆ ಹತ್ತಲು ಬಾಗಿಲು ತೆರೆದೇ ಇದೆ. ಜಮಖಂಡಿ ತೀರ್ಪು ದಾರಿಹೋಕರನ್ನು ಹೊರಗಿಟ್ಟಿತು ನಿಜ. ಪರಿಚಿತರನ್ನು ಅದು ಹೊರಗಿಟ್ಟಿಲ್ಲ.

ಕ್ರೈಸ್ತರು ಯಾಕೆ ಸುಮ್ನೆ ಇರುವುದಿಲ್ಲ

‘ನಂಬಿಕೆ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ, ಬೇರೆಯವರಿಗೆ ಯಾಕೆ ಹೇಳುತ್ತೀರಿ’ ಎಂಬುದು ಬಹಳ ಜನರ ಪ್ರಾಮಾಣಿಕ ಪ್ರಶ್ನೆ. ಇದಕ್ಕೆ ಉತ್ತರ ಆ ನಂಬಿಕೆಯೊಳಗೇ ಇದೆ. ಎಲ್ಲ ಜನಾಂಗಗಳಿಗೂ ಹೋಗಿ ಶಿಷ್ಯರನ್ನಾಗಿ ಮಾಡಿ ಎಂಬ ಯೇಸುವಿನ ಆಜ್ಞೆಯೊಂದಿಗೆ ಬೈಬಲ್‌ನ ಮತ್ತಾಯನ ಸುವಾರ್ತೆ ಮುಗಿಯುತ್ತದೆ. ನಂಬುವವರಿಗೆ ಅದು ಬೇಕಾದರೆ ಪಾಲಿಸುವ ಸಲಹೆಯಲ್ಲ. ಹಾಗಾಗಿ ಹೇಳುವುದನ್ನು ನಿಷೇಧಿಸಿದರೆ ಅವರ ಧರ್ಮದ ಒಂದು ಭಾಗವನ್ನೇ ನಿಷೇಧಿಸಿದಂತೆ ಆಗುತ್ತದೆ.

ಹೇಗೆ ಹೇಳಬೇಕು ಎಂಬುದಕ್ಕೂ ಅದೇ ಬೈಬಲ್‌ನಲ್ಲಿ ಮಾತಿದೆ. ನಿಮ್ಮ ನಿರೀಕ್ಷೆಗೆ ಕಾರಣ ಏನೆಂದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಮೃದುವಾಗಿ, ಗೌರವದಿಂದ ಕೊಡಿ ಎನ್ನುತ್ತದೆ ಪೇತ್ರನ ಮೊದಲ ಪತ್ರದ ಮೂರನೇ ಅಧ್ಯಾಯ. ಕಥೋಲಿಕರಲ್ಲಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಜಾಸ್ತಿ ಜನ ಶಾಲೆ, ಆಸ್ಪತ್ರೆ, ಸೇವೆಯ ಮೂಲಕವೇ ನಂಬಿಕೆ ಕಾಣಬೇಕು ಎನ್ನುತ್ತಾರೆ. ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಗಳಲ್ಲಿ ಪ್ರತಿ ವಿಶ್ವಾಸಿಯೂ ಬಾಯಿಬಿಟ್ಟು ಸಾಕ್ಷಿ ಹೇಳಬೇಕು ಎಂಬ ಒತ್ತು ಹೆಚ್ಚು. ಸುದ್ದಿಯಲ್ಲಿ ಇಬ್ಬರನ್ನೂ ‘ಮಿಷನರಿಗಳು’ ಎಂದು ಒಂದೇ ಚೀಲಕ್ಕೆ ತುಂಬುವುದು ತಪ್ಪು.

2011ರ ಜೂನ್‌ನಲ್ಲಿ ಒಂದು ಮುಖ್ಯ ಬೆಳವಣಿಗೆ ಆಯಿತು. ವ್ಯಾಟಿಕನ್ನಿನ ಅಂತರಧರ್ಮ ಸಂವಾದ ಮಂಡಳಿ, ವಿಶ್ವ ಚರ್ಚ್ ಮಂಡಳಿ, ವಿಶ್ವ ಇವಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಒಂದು ನಡತೆಯ ಸೂಚಿಯನ್ನು ಜಿನೀವಾದಲ್ಲಿ ಬಿಡುಗಡೆ ಮಾಡಿದವು. ಮೋಸ ಬೇಡ, ಬಲವಂತ ಬೇಡ. ಸೇವೆಯ ಜೊತೆ ಹಣದ ಆಸೆ ತೋರಿಸಬೇಡಿ. ರೋಗಿಗಳ ಅಸಹಾಯಕತೆ ಬಳಸಿಕೊಳ್ಳಬೇಡಿ. ಬೇರೆ ಧರ್ಮದವರ ಬಗ್ಗೆ ಸುಳ್ಳು ಹೇಳಬೇಡಿ. ಧರ್ಮ ಬದಲಿಸುವುದು ದೊಡ್ಡ ನಿರ್ಧಾರ, ಯೋಚಿಸಲು ಸಾಕಷ್ಟು ಸಮಯ ಕೊಡಿ. ಕಾನೂನು ಬೆದರಿಸಿ ಸಾಧಿಸಲು ಹೊರಟಿರುವುದರಲ್ಲಿ ಬಹುಪಾಲನ್ನು ಚರ್ಚುಗಳೇ ತಮಗೆ ತಾವು ಹಾಕಿಕೊಂಡಿವೆ. ಇದು ಕನ್ನಡದ ಸಣ್ಣ ಸಭೆಗಳವರೆಗೆ ತಲುಪಬೇಕಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಾಯ್ದೆ ಬೇಕು ಎನ್ನುವವರ ಮಾತು

ಕಾಯ್ದೆಯ ಪರ ಇರುವವರೆಲ್ಲ ದ್ವೇಷದಿಂದ ಮಾತಾಡುತ್ತಾರೆ ಎಂದುಕೊಂಡರೆ ಈ ವಿಷಯ ಅರ್ಥವಾಗುವುದಿಲ್ಲ. ಗಾಂಧೀಜಿಯೂ ಮಿಷನರಿಗಳ ಸೇವೆಯನ್ನು ಮೆಚ್ಚಿದರು, ಸೇವೆಯ ಹಿಂದೆ ಮತಾಂತರದ ಗುರಿ ಇರುವುದನ್ನು ಕಟುವಾಗಿ ವಿರೋಧಿಸಿದರು. ಕಷ್ಟದಲ್ಲಿರುವವರ ಮುಂದೆ ಔಷಧಿ, ಅಕ್ಕಿ, ಶಾಲೆಯ ಸೀಟು ಇಟ್ಟು ದೇವರ ಬಗ್ಗೆ ಮಾತಾಡಿದರೆ ಅವರು ನಿಜವಾಗಿ ಸ್ವತಂತ್ರವಾಗಿ ಆರಿಸುತ್ತಾರಾ ಎಂಬ ಪ್ರಶ್ನೆಗೆ ತೂಕವಿದೆ.

ಎರಡನೆಯ ದೂರು ಅವಹೇಳನದ್ದು. 2008ರ ಸೆಪ್ಟೆಂಬರ್ 14ರಂದು ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿ ನಡೆದಾಗ, ಹಿಂದೂ ದೇವತೆಗಳನ್ನು ಹೀಯಾಳಿಸುವ ಸಾಹಿತ್ಯ ಹಂಚಲಾಗಿದೆ ಎಂಬ ಸಿಟ್ಟನ್ನು ಕಾರಣವಾಗಿ ಹೇಳಲಾಯಿತು. ಪ್ರಾರ್ಥನೆ ಮಾಡುತ್ತಿದ್ದವರನ್ನು ಹೊಡೆದದ್ದಕ್ಕೆ ಅದು ಯಾವ ರೀತಿಯಲ್ಲೂ ಸಮರ್ಥನೆ ಅಲ್ಲ. ಆದರೆ ಇನ್ನೊಬ್ಬರ ದೇವರನ್ನು ಬೈದು ತನ್ನ ದೇವರ ಪ್ರೀತಿಯನ್ನು ಹೇಳಲು ಬರುವುದಿಲ್ಲ ಎಂಬುದೂ ನಿಜ.

ಮೂರನೆಯದು ಸಂಖ್ಯೆಯ ಭಯ. ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು 2001ರಲ್ಲಿ ಶೇ. 1.91 ಇದ್ದರು, 2011ರಲ್ಲಿ ಶೇ. 1.87. ಪಾಲು ಚೂರು ಇಳಿದಿದೆ. ಇದನ್ನು ತೋರಿಸಿದರೆ ಕಾಯ್ದೆಯ ಪರ ಇರುವವರು, ಮತಾಂತರವಾದವರು ಲೆಕ್ಕದಲ್ಲಿ ಬರುವುದೇ ಇಲ್ಲ, ಹೆಸರು, ಜಾತಿ ಪ್ರಮಾಣಪತ್ರ ಹಳೆಯದನ್ನೇ ಇಟ್ಟುಕೊಂಡಿರುತ್ತಾರೆ ಎನ್ನುತ್ತಾರೆ. ಈ ಮಾತನ್ನು ತಳ್ಳಿಹಾಕುವ ಬದಲು ಹೀಗೆ ಯಾಕೆ ಆಗುತ್ತದೆ ಎಂದು ನೋಡಬೇಕು. ಇಡೀ ಸಮಸ್ಯೆಯ ಗಂಟು ಇಲ್ಲಿದೆ.

ಗುಟ್ಟು ಹುಟ್ಟುವುದು ಹೇಗೆ

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನಮಾನ ಸಿಗುತ್ತದೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಲಾಯಿತು. ಕ್ರೈಸ್ತರನ್ನು ಸೇರಿಸಿಲ್ಲ. ದಲಿತರೊಬ್ಬರು ಕ್ರೈಸ್ತರಾದರೆ ಪರಿಶಿಷ್ಟ ಜಾತಿಯ ಮೀಸಲಾತಿ ಹೋಗುತ್ತದೆ. ಕ್ರೈಸ್ತ ನಂಬಿಕೆ ಪಾಲಿಸುತ್ತಾ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ನಿಯಮ ಬದಲಾಗಬೇಕೇ ಎಂದು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚಿಸಿತು.

ಇದರ ಮೇಲೆ ಮತಾಂತರ ಕಾಯ್ದೆಯ ನೋಟಿಸ್ ನಿಯಮ ಬಂದು ಕೂರುತ್ತದೆ. ಧರ್ಮ ಬದಲಿಸುವವರು 30 ದಿನ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ದೀಕ್ಷಾಸ್ನಾನ ಕೊಡುವ ಪಾಸ್ಟರೂ ಕೊಡಬೇಕು. ಅದನ್ನು ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪ ಕರೆಯುತ್ತಾರೆ. ಆಕ್ಷೇಪ ಬಂದರೆ ವಿಚಾರಣೆ. ಮತಾಂತರ ಆದ ಮೇಲೆ ಮತ್ತೊಂದು ಘೋಷಣೆ. ಹಿಂದಿನ ಧರ್ಮಕ್ಕೆ ಮರಳುವುದನ್ನು ಮಾತ್ರ ಕಾಯ್ದೆ ಮತಾಂತರ ಎಂದೇ ಎಣಿಸುವುದಿಲ್ಲ.

ಹಳ್ಳಿಯೊಂದರ ದಲಿತ ಕೇರಿಯ ಹೆಣ್ಣುಮಗಳೊಬ್ಬಳು ಯೇಸುವನ್ನು ನಂಬಿದಳು ಎಂದುಕೊಳ್ಳಿ. ಘೋಷಿಸಿದರೆ ಆ ಮೀಸಲಾತಿ ಹೋಗುತ್ತದೆ, ಹೆಸರು ಬೋರ್ಡಿಗೆ ಬೀಳುತ್ತದೆ, ಊರಿನ ಒತ್ತಡ ಶುರುವಾಗುತ್ತದೆ. ಆಕೆ ಘೋಷಿಸುವುದಿಲ್ಲ. ಬಾಡಿಗೆ ಮನೆಯ ಭಾನುವಾರದ ಪ್ರಾರ್ಥನೆಗೆ ಸದ್ದಿಲ್ಲದೆ ಹೋಗಿಬರುತ್ತಾಳೆ. ಅಕ್ಕಪಕ್ಕದವರಿಗೆ ‘ಹಿಂದೂ ಹೆಸರಿನವರು ಇಲ್ಲಿ ಯಾಕೆ ಸೇರುತ್ತಾರೆ’ ಎಂಬ ಅನುಮಾನ ಬರುತ್ತದೆ. ಅನುಮಾನದಿಂದ ದೂರು, ದೂರಿನಿಂದ ಪೊಲೀಸ್, ಪೊಲೀಸ್ ಭಯದಿಂದ ಇನ್ನಷ್ಟು ಗುಟ್ಟು. ಗುಟ್ಟಾಗಿ ನಡೆಯುತ್ತಿದೆ ಎಂಬುದನ್ನೇ ತೋರಿಸಿ ಇನ್ನೂ ಕಠಿಣ ಕಾಯ್ದೆ ಬೇಕು ಎನ್ನಲಾಗುತ್ತದೆ. ಮುಕ್ತವಾಗಿ ನಡೆಯಬೇಕಿದ್ದ ಮಾತುಕತೆಯನ್ನು ಬಾಗಿಲ ಹಿಂದೆ ತಳ್ಳುತ್ತಿರುವುದು ಈ ಎರಡು ನಿಯಮಗಳ ಜೋಡಿ.

ಹಿಮಾಚಲ ಪ್ರದೇಶದ ಹೈಕೋರ್ಟ್ 2012ರಲ್ಲೇ 30 ದಿನದ ನೋಟಿಸ್ ನಿಯಮವನ್ನು ರದ್ದು ಮಾಡಿತ್ತು. ಏನನ್ನು ನಂಬುತ್ತೇನೆ ಎಂದು ಸರ್ಕಾರಕ್ಕೆ ಮೊದಲೇ ಹೇಳುವಂತೆ ಒತ್ತಾಯಿಸಿದರೆ ಖಾಸಗಿತನಕ್ಕೆ ಧಕ್ಕೆ ಬರುತ್ತದೆ ಎಂಬ ಕಾಳಜಿ ಅದರಲ್ಲಿತ್ತು. ಫತೇಪುರದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಹ ಉತ್ತರ ಪ್ರದೇಶದ ಇಂಥ ನಿಯಮಗಳು ತೀರಾ ಹೊರೆ ಎನಿಸುತ್ತವೆ ಎಂದಿತು. ಆದರೆ ಅವು ಸಿಂಧುವೇ ಎಂಬುದನ್ನು ಆ ಪ್ರಕರಣದಲ್ಲಿ ತೀರ್ಮಾನಿಸಲಿಲ್ಲ.

ಮಹಿಳೆ ಮತ್ತು ದಲಿತರ ವಿಷಯದಲ್ಲಿ ಹೆಚ್ಚಿನ ಶಿಕ್ಷೆ ಇಟ್ಟಿರುವುದರ ಹಿಂದೆ ಅವರನ್ನು ಕಾಪಾಡುವ ಉದ್ದೇಶ ಇರಬಹುದು. ಜೊತೆಗೆ, ಅವರಿಗೆ ಸ್ವಂತ ಬುದ್ಧಿಯಿಂದ ನಿರ್ಧರಿಸಲು ಬರುವುದಿಲ್ಲ ಎಂಬ ಊಹೆಯೂ ಅದರಲ್ಲಿ ಅಡಗಿದೆ. 1956ರ ಅಕ್ಟೋಬರ್ 14ರಂದು ನಾಗ್ಪುರದಲ್ಲಿ ಅಂಬೇಡ್ಕರ್ ಜೊತೆ ಲಕ್ಷಾಂತರ ದಲಿತರು ಬೌದ್ಧರಾದರು. ಅದನ್ನು ಆಮಿಷ ಎನ್ನಲು ಯಾರಿಗಾದರೂ ಮನಸ್ಸು ಬರುತ್ತದೆಯೇ?

ಗೆರೆ ಎಲ್ಲಿರಬೇಕು

ನನ್ನ ತೀರ್ಮಾನ ಹೀಗಿದೆ. ಹೇಳಿದ ವಿಷಯ ಏನು ಎಂಬುದಕ್ಕಿಂತ, ಕೇಳುವವರಿಗೆ ‘ಬೇಡ’ ಎನ್ನುವ ಅವಕಾಶ ನಿಜವಾಗಿ ಇತ್ತಾ ಎಂಬುದನ್ನು ನೋಡಬೇಕು. ಇಬ್ಬರು ಗೆಳೆಯರ ನಡುವೆ, ಅಕ್ಕಪಕ್ಕದ ಮನೆಗಳ ನಡುವೆ ಆ ಅವಕಾಶ ಇದೆ. ‘ಬೇಡಪ್ಪ, ಈ ವಿಷಯ ಬಿಡು’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಅಲ್ಲಿ ಪೊಲೀಸರಿಗೆ ಕೆಲಸವಿಲ್ಲ.

ಮೇಷ್ಟ್ರು ಮತ್ತು ವಿದ್ಯಾರ್ಥಿ, ನರ್ಸ್ ಮತ್ತು ರೋಗಿ, ಮಾಲೀಕ ಮತ್ತು ಕೂಲಿಯವರು, ಅನಾಥಾಶ್ರಮ ಮತ್ತು ಮಗು ಎಂದಾಗ ಲೆಕ್ಕ ಬೇರೆ. ಅಲ್ಲಿ ‘ಬೇಡ’ ಎನ್ನಲು ಧೈರ್ಯ ಬೇಕು. ಇಂಥ ಕಡೆ ಚರ್ಚುಗಳು ತಾವಾಗಿಯೇ ಹಿಂದೆ ಸರಿದು ನಿಲ್ಲಬೇಕು. ಪ್ರಾರ್ಥಿಸಲಾ ಎಂದು ಕೇಳುವ ಮೊದಲು, ಒಲ್ಲೆ ಎಂದರೂ ಆರೈಕೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂಬುದು ರೋಗಿಗೆ ಗೊತ್ತಿರಬೇಕು. ಕಾನೂನು ತನ್ನ ಬಲವನ್ನು ಇಲ್ಲಿ ಬಳಸಿದರೆ ಕ್ರೈಸ್ತರಲ್ಲೂ ಬಹಳ ಜನ ಒಪ್ಪಿಯಾರು.

ಮುಂದೆ ಆಗಬಹುದಾದದ್ದು

ಸಿದ್ದರಾಮಯ್ಯ ಸರ್ಕಾರದ ಸಂಪುಟ 2023ರ ಜೂನ್‌ನಲ್ಲೇ ಈ ಕಾಯ್ದೆ ವಾಪಸ್ ಪಡೆಯಲು ನಿರ್ಧರಿಸಿತು. ಎರಡು ವರ್ಷದ ನಂತರವೂ ಜಮಖಂಡಿಯಲ್ಲಿ ಅದೇ ಕಾಯ್ದೆಯಡಿ ಕೇಸ್ ದಾಖಲಾಯಿತು. ಸಂಪುಟದ ನಿರ್ಧಾರದಿಂದಲೇ ಕಾಯ್ದೆ ಹೋಗುವುದಿಲ್ಲ, ಅದಕ್ಕೆ ಶಾಸನಸಭೆಯ ಎರಡೂ ಮನೆಗಳ ಒಪ್ಪಿಗೆ ಬೇಕು.

ಬೇರೆ ರಾಜ್ಯಗಳು ಎದುರು ದಿಕ್ಕಿನಲ್ಲಿ ನಡೆಯುತ್ತಿವೆ. ಉತ್ತರ ಪ್ರದೇಶ 2024ರ ತಿದ್ದುಪಡಿಯಲ್ಲಿ ಯಾರು ಬೇಕಾದರೂ ದೂರು ಕೊಡಬಹುದು ಎಂದು ಮಾಡಿತು, ಕೆಲವು ಅಪರಾಧಗಳಿಗೆ ಜೀವಾವಧಿವರೆಗೂ ಶಿಕ್ಷೆ ಏರಿಸಿತು. ರಾಜಸ್ಥಾನ 2025ರಲ್ಲಿ ಕಠಿಣ ಕಾಯ್ದೆ ತಂದಿತು. ಹಲವು ರಾಜ್ಯಗಳ ಇಂಥ ಕಾಯ್ದೆಗಳನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಟ್ಟಿವೆ. ನೋಟಿಸ್ ನಿಯಮ, ಸಾಬೀತಿನ ಹೊರೆ, ಆಮಿಷದ ಅರ್ಥ ಈ ಮೂರರ ಬಗ್ಗೆ ಅಲ್ಲಿಂದ ಸ್ಪಷ್ಟ ಮಾತು ಬಂದರೆ 1977ರ ತೀರ್ಪು ಬಿಟ್ಟ ಜಾಗ ತುಂಬುತ್ತದೆ.

ಅದಕ್ಕೆ ಕಾಯದೆ ಇವತ್ತೇ ಮಾಡಬಹುದಾದದ್ದೂ ಇದೆ. ದೂರು ಬಂದ ಕೂಡಲೇ ಠಾಣಾಧಿಕಾರಿ ಎರಡು ವಿಷಯ ಕೇಳಬೇಕು: ಮತಾಂತರ ಆದವರು ಅಥವಾ ಆಗಲು ಒತ್ತಡ ಅನುಭವಿಸಿದವರು ಯಾರು, ಮತ್ತು ದೂರು ಕೊಟ್ಟವರಿಗೂ ಅವರಿಗೂ ಏನು ಸಂಬಂಧ. ಇವೆರಡಕ್ಕೂ ಉತ್ತರ ಇಲ್ಲದಿದ್ದರೆ ಜಮಖಂಡಿ ತೀರ್ಪಿನ ಪ್ರಕಾರ ಎಫ್‌ಐಆರ್ ನಿಲ್ಲುವುದಿಲ್ಲ. ಈ ಸೂಚನೆಯನ್ನು ಎಲ್ಲ ಠಾಣೆಗಳಿಗೂ ಲಿಖಿತವಾಗಿ ಕಳಿಸಲು ಹೊಸ ಕಾನೂನು ಬೇಕಾಗಿಲ್ಲ. ಪೊಲೀಸ್ ಇಲಾಖೆಯ ಒಂದು ಸುತ್ತೋಲೆ ಸಾಕು.